ಇಂಕ್ ಪೆನ್ನಿನ ಗೀಳು ಹತ್ತಿದೆ: ತಪ್ಪು ಪೆನ್ನಿನದೋ, ಇಂಕಿನದೋ, ಕಾಗದದ್ದೋ?

ಹೊಸನಿಬ್ಬು

ಎಲ್ಲರಿಗೂ ನಮಸ್ಕಾರ. ಬಾಲ್ ಪೆನ್ನು, ಜೆಲ್ ಪೆನ್ನು ಎಲ್ಲ ಬಿಟ್ಟು ಇಂಕ್ ಪೆನ್ನಿಗೆ ಬಂದಿದ್ದೇನೆ. ಉಕ್ಕಿನ ಫೈನ್ ನಿಬ್ಬಿನ ಸಾದಾ ಪೆನ್ನು, ಜೊತೆಗೆ ಒಂದು ಬಾಟಲಿ ನೀಲಿ ಇಂಕು. ಒತ್ತದೇ ಬರೆಯಬಹುದು ಅನ್ನೋದೇ ನನಗೆ ದೊಡ್ಡ ಖುಷಿ. ಪುಟಗಟ್ಟಲೆ ಬರೆದರೂ ಬೆರಳು ನೋಯುವುದಿಲ್ಲ.

ಆದರೆ ತೊಂದರೆಗಳೂ ಇವೆ. ದಿನಾ ಬಳಸುವ ನೋಟ್‌ಬುಕ್ಕಿನಲ್ಲಿ ಅಕ್ಷರದ ಅಂಚಿನಿಂದ ಸಣ್ಣ ಸಣ್ಣ ಎಳೆಗಳಾಗಿ ಇಂಕು ಹರಡುತ್ತದೆ, ಹಾಳೆಯ ಹಿಂಬದಿಗೂ ಇಳಿಯುತ್ತದೆ. ನುಣುಪು ಕಾಗದದ ಡೈರಿಯೊಂದಿದೆ. ಅದರಲ್ಲಿ ಅಕ್ಷರ ಚೆಂದ ಬರುತ್ತದೆ, ಆದರೆ ಬೇಗ ಒಣಗುವುದಿಲ್ಲ. ಕೈ ತಾಗಿದರೆ ಇಡೀ ಸಾಲು ಬಳಿದುಹೋಗುತ್ತದೆ. ಮತ್ತೊಂದು, ಬೆಳಿಗ್ಗೆ ಕ್ಯಾಪು ತೆಗೆದು ಬರೆದರೆ ಮೊದಲ ಅಕ್ಷರ ಮೂಡುವುದೇ ಇಲ್ಲ. ಸ್ವಲ್ಪ ಗೀಚಿದ ಮೇಲೆ ಸರಿಹೋಗುತ್ತದೆ.

ಪೆನ್ನಿನಲ್ಲೇ ದೋಷ ಇದೆಯಾ? ಲ್ಯಾಮಿ ಸಫಾರಿ ತಗೊಂಡರೆ ಎಲ್ಲ ಸರಿಹೋಗುತ್ತದೆ ಅಂತ ಗೆಳೆಯರು ಹೇಳುತ್ತಿದ್ದಾರೆ.

ಕಾಗದಪ್ರೇಮಿ

ಬೇಡ, ಇನ್ನೊಂದು ಪೆನ್ನು ಈಗಲೇ ತಗೊಳ್ಳಬೇಡಿ. ಸಫಾರಿ ಒಳ್ಳೆಯ ಪೆನ್ನೇ. 1980ರಿಂದ ಬರುತ್ತಿದೆ, ಸುಮ್ನೆ ಇಷ್ಟು ವರ್ಷ ನಿಂತಿಲ್ಲ. ಆದರೆ ಅದರಲ್ಲೂ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಕು ಹೀಗೇ ಹರಡುತ್ತದೆ.

ಕಾಗದ ಅಂದರೆ ನಾರಿನ ಎಳೆಗಳ ಹಾಸು. ಎಳೆಗಳ ನಡುವಿನ ಸಂದಿಗಳು ನೀರನ್ನು ಎಳೆದುಕೊಳ್ಳುತ್ತವೆ. ಅದನ್ನು ತಡೆಯಲೆಂದೇ ಕಾಗದ ಮಾಡುವಾಗ ಪಿಷ್ಟ, ರಾಳದಂಥ ವಸ್ತುಗಳನ್ನು ಸೇರಿಸುತ್ತಾರೆ. ಇದಕ್ಕೆ ಸೈಜಿಂಗ್ ಅಂತ ಹೆಸರು. ಸೈಜಿಂಗ್ ಕಡಿಮೆ ಇದ್ದರೆ ಇಂಕು ಎಳೆ ಹಿಡಿದು ಓಡುತ್ತದೆ, ಅದೇ ಫೆದರಿಂಗ್. ಆಳಕ್ಕೆ ಇಳಿದು ಹಿಂಬದಿಯಲ್ಲಿ ಚುಕ್ಕಿಯಾಗಿ ಕಾಣಿಸಿದರೆ ಬ್ಲೀಡಿಂಗ್. ಇಂಕು ಇಳಿಯದೆ ಬರೀ ನೆರಳು ಕಂಡರೆ ಗೋಸ್ಟಿಂಗ್. ಕೊನೆಯದ್ದು ತಪ್ಪಲ್ಲ, ಕಾಗದ ತೆಳು ಅಷ್ಟೆ.

ನಿಮ್ಮ ಡೈರಿಯದ್ದು ತಿರುಗುಮುರುಗು ಕಥೆ. ಅಲ್ಲಿ ಇಂಕು ಒಳಗೆ ಇಳಿಯುವುದೇ ಇಲ್ಲ, ಮೇಲೇ ಕೂರುತ್ತದೆ. ಗಾಳಿಗೆ ಆರುವ ತನಕ ಕಾಯಬೇಕು. ಅಕ್ಷರ ಚೂಪಾಗಿ ಕಾಣುವುದೂ ಅದಕ್ಕೇ, ಒಣಗಲು ತಡವಾಗುವುದೂ ಅದಕ್ಕೇ. ಎರಡೂ ಒಟ್ಟಿಗೇ ಬರುತ್ತವೆ, ಒಂದು ಬೇಕು ಇನ್ನೊಂದು ಬೇಡ ಅಂದರೆ ಆಗುವುದಿಲ್ಲ.

ಇನ್ನೊಂದು ಮಾತು. ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ನೋಡಿ ಕಾಗದ ಕೊಳ್ಳಬೇಡಿ. ಜಪಾನಿನ ಟೊಮೊಯೆ ರಿವರ್ ಕಾಗದ 52 ಜಿಎಸ್‌ಎಂನದ್ದು, ಹಿಂದಿನ ಪುಟದ ಅಕ್ಷರ ಕಾಣುವಷ್ಟು ತೆಳು. ಆದರೂ ಒಂದು ಹನಿ ಇಂಕು ಆಚೆ ಬಿಡುವುದಿಲ್ಲ. 80 ಜಿಎಸ್‌ಎಂನ ಎಷ್ಟೋ ಜೆರಾಕ್ಸ್ ಕಾಗದಗಳಲ್ಲಿ ಅದೇ ಇಂಕು ಹಿಂಬದಿಗೆ ಬರುತ್ತದೆ. ದಪ್ಪ ಬೇರೆ, ಸೈಜಿಂಗ್ ಬೇರೆ.

ಹೀಗೆ ಮಾಡಿ. ಮನೆಯಲ್ಲಿರುವ ಬೇರೆ ಬೇರೆ ನೋಟ್‌ಬುಕ್ಕುಗಳ ಕೊನೆಯ ಹಾಳೆಯಲ್ಲಿ ಅದೇ ಪೆನ್ನು, ಅದೇ ಇಂಕಿನಿಂದ ಒಂದೇ ವಾಕ್ಯ ಬರೆಯಿರಿ. ಪಕ್ಕದಲ್ಲಿ ಸಣ್ಣ ಸಣ್ಣ ಗೀಟು ಎಳೆದು 5 ಸೆಕೆಂಡಿಗೆ ಒಂದನ್ನು, 10ಕ್ಕೆ ಒಂದನ್ನು, 20ಕ್ಕೆ ಒಂದನ್ನು ಬೆರಳಿನಿಂದ ಒರೆಸಿ ನೋಡಿ. ಆಮೇಲೆ ಹಾಳೆ ತಿರುಗಿಸಿ. ಪೆನ್ನಿನ ಮೇಲೆ ದೂರು ಹೊರಿಸುವುದು ಅದಾದ ಮೇಲೆ.

ಒದ್ದೆಸಾಲು

ಕಾಗದದ ವಿಷಯ ಮೇಲೆ ಹೇಳಿದ್ದಾರೆ. ಬೆಳಿಗ್ಗೆ ಮೊದಲ ಅಕ್ಷರ ಬರದ ವಿಷಯ ನಾನು ಹೇಳುತ್ತೇನೆ.

ಇಂಕ್ ಪೆನ್ನಿನಲ್ಲಿ ಇಂಕನ್ನು ತಳ್ಳುವ ಯಂತ್ರ ಏನೂ ಇಲ್ಲ. ನಿಬ್ಬಿನ ಕೆಳಗೆ ಕಪ್ಪಗೆ, ಬಾಚಣಿಗೆಯಂಥ ಸೀಳುಗಳಿರುವ ತುಂಡು ಕಾಣುತ್ತದಲ್ಲ, ಅದು ಫೀಡ್. ಅದರ ಬೆನ್ನ ಮೇಲೆ ಕೂದಲೆಳೆಯಷ್ಟು ಸಣ್ಣ ಕಾಲುವೆ ಇರುತ್ತದೆ. ಅದರಲ್ಲಿ ಇಂಕು ತಾನಾಗಿ ನಿಬ್ಬಿನ ಸೀಳಿಗೆ ಬರುತ್ತದೆ, ಅಲ್ಲಿಂದ ತುದಿಗೆ, ತುದಿಯಿಂದ ಕಾಗದಕ್ಕೆ. ಒಂದೊಂದು ಹೆಜ್ಜೆಗೂ ಸಂದಿ ಕಿರಿದಾಗುತ್ತಾ ಹೋಗುತ್ತದೆ, ಕಿರಿದಾದಷ್ಟೂ ಎಳೆತ ಜಾಸ್ತಿ. ಹೊರಹೋದ ಇಂಕಿನ ಜಾಗಕ್ಕೆ ಗಾಳಿ ಒಳಗೆ ಬರಬೇಕು, ಇಲ್ಲವಾದರೆ ಇಂಕು ನಿಂತುಬಿಡುತ್ತದೆ. ಗಾಳಿ ಜಾಸ್ತಿ ಬಂದರೆ ತೊಟ್ಟಿಕ್ಕುತ್ತದೆ. ಆ ಹೆಚ್ಚುವರಿ ಇಂಕನ್ನು ತಡೆಹಿಡಿಯಲು ಪಕ್ಕದ ಸೀಳುಗಳು.

ಈ ಲೆಕ್ಕ ಕೂಡಿಸುವುದಕ್ಕೆ ಜನರಿಗೆ ಬಹಳ ಕಾಲ ಹಿಡಿಯಿತು. ರೊಮೇನಿಯಾದ ಪೆಟ್ರಾಕೆ ಪೊಯೆನಾರು ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ, 1827ರಲ್ಲಿ, ಇಂಕನ್ನು ತನ್ನೊಳಗೇ ಇಟ್ಟುಕೊಳ್ಳುವ ಪೆನ್ನಿಗೆ ಪೇಟೆಂಟ್ ಪಡೆದ. ನಂಬಿಕೆಯಿಂದ ಜೇಬಿಗೆ ಹಾಕಿಕೊಳ್ಳುವಂಥ ಪೆನ್ನುಗಳು ಬಂದಿದ್ದು 1884ರಲ್ಲಿ ಲೂಯಿಸ್ ವಾಟರ್‌ಮನ್ ತನ್ನ ಫೀಡಿಗೆ ಪೇಟೆಂಟ್ ಪಡೆದ ಮೇಲೆ. ಇಂಕಿನ ಚೀಲ, ಪಿಸ್ಟನ್, ಕಾರ್ಟ್ರಿಜ್ (ಇಂಕು ತುಂಬಿಯೇ ಬರುವ ಸಣ್ಣ ಕೊಳವೆ) ಎಲ್ಲ ಬರೀ ತುಂಬಿಸುವ ಬಗೆ. ಬರೆಸುವುದು ಫೀಡು.

ಈಗ ನಿಮ್ಮ ತೊಂದರೆ. ರಾತ್ರಿಯಿಡೀ ನಿಬ್ಬಿನ ಸೀಳಿನಲ್ಲಿರುವ ಇಂಕಿನ ನೀರು ಆರುತ್ತದೆ, ಬಣ್ಣ ಉಳಿದು ಗಟ್ಟಿಯಾಗುತ್ತದೆ. ಕ್ಯಾಪು ಗಾಳಿ ಬಿಡುತ್ತಿದ್ದರೆ ಬೇಗ ಆರುತ್ತದೆ. ಪ್ಲಾಟಿನಮ್ ಕಂಪನಿಯ ಪ್ರೆಪ್ಪಿಯಂಥ ಅಗ್ಗದ ಪೆನ್ನಿನ ಕ್ಯಾಪಿನಲ್ಲೂ ಸ್ಪ್ರಿಂಗ್ ಇರುವ ಒಳಮುಚ್ಚಳ ಇದೆ. ಅದಕ್ಕೇ ತಿಂಗಳುಗಟ್ಟಲೆ ಮುಟ್ಟದಿದ್ದರೂ ಅದು ಬರೆಯುತ್ತದೆ. ನಿಮ್ಮ ಕ್ಯಾಪಿನ ಕ್ಲಿಪ್ಪಿನ ಹತ್ತಿರ ಅಥವಾ ತುದಿಯಲ್ಲಿ ತೂತು ಇದೆಯಾ ನೋಡಿ. ಒಳಗೆ ಇನ್ನೊಂದು ಮುಚ್ಚಳ ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ.

ಇದಕ್ಕೊಂದು ಪರೀಕ್ಷೆ ಇದೆ. ಹತ್ತು ನಿಮಿಷ ಬರೆದು, ಕ್ಯಾಪು ಹಾಕಿ, ತಕ್ಷಣ ತೆಗೆದು ಬರೆಯಿರಿ. ಆಗಲೂ ಮೊದಲ ಗೀಟು ಬರದಿದ್ದರೆ ಆರಿದ್ದು ಕಾರಣವಲ್ಲ, ನಿಬ್ಬಿನ ತುದಿಯದ್ದೇ ತೊಂದರೆ. ತುದಿಯ ಎರಡು ಅರ್ಧಗಳ ಒಳಅಂಚನ್ನು ಜಾಸ್ತಿ ಉಜ್ಜಿ ದುಂಡಗೆ ಮಾಡಿದ್ದರೆ ಸೀಳಿನ ಇಂಕು ಕಾಗದಕ್ಕೆ ಮುಟ್ಟುವುದಿಲ್ಲ. ಅಂಥ ನಿಬ್ಬು ಬೆಣ್ಣೆಯ ಹಾಗೆ ಜಾರುತ್ತದೆ, ಬರೆಯುವುದು ಮಾತ್ರ ಇಲ್ಲ.

ಹೊಸನಿಬ್ಬು

ಕ್ಯಾಪು ಹಾಕಿ ತಕ್ಷಣ ತೆಗೆದರೆ ಚೆನ್ನಾಗಿಯೇ ಬರೆಯುತ್ತದೆ. ಕ್ಯಾಪಿನ ತುದಿಯಲ್ಲಿ ತೂತೂ ಇದೆ! ಹಾಗಾದರೆ ಇದಕ್ಕೆ ಮದ್ದಿಲ್ಲವಾ?

ಒದ್ದೆಸಾಲು

ಆ ತೂತು ಮಕ್ಕಳು ಕ್ಯಾಪು ನುಂಗಿದರೆ ಉಸಿರು ಕಟ್ಟದಿರಲಿ ಅಂತ ಬಿಟ್ಟಿರುವುದು. ಮುಚ್ಚುವ ಉಪಾಯ ಹೇಳುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದು ಹಾಗೇ ಇರಲಿ. ಇಂಕು ಬದಲಿಸಿ ನೋಡಿ. ಕೆಲವು ಇಂಕು ನಿಬ್ಬಿನಲ್ಲಿ ಬೇಗ ಆರುತ್ತವೆ, ಕೆಲವು ಆರುವುದಿಲ್ಲ. ಆ ವಿಷಯ ನಮ್ಮ ರಸಾಯನದವರು ಹೇಳಲಿ.

ಶಾಯಿರಸಾಯನ

ಕರೆದಿದ್ದಕ್ಕೆ ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಬಾಟಲಿಯಲ್ಲಿರುವುದು ಹೆಚ್ಚುಕಡಿಮೆ ನೀರೇ. ಉಳಿದಿದ್ದು ಬಣ್ಣ, ಬೇಗ ಆರದಂತೆ ಗ್ಲಿಸರಿನ್ ಥರದ ವಸ್ತು, ಬೂಸ್ಟು ಬರದಂತೆ ಒಂದು ಔಷಧ, ಸರಾಗವಾಗಿ ಹರಿಯಲು ಚೂರು ಸೋಪಿನ ಗುಣದ ವಸ್ತು. ಈ ಕೊನೆಯದರ ಮೇಲೆ ಬಹಳಷ್ಟು ನಿಂತಿದೆ. ಅದು ಕಡಿಮೆ ಇದ್ದರೆ ‘ಒಣ’ ಇಂಕು: ಗೀಟು ಸಣ್ಣ ಬರುತ್ತದೆ, ಕೆಟ್ಟ ಕಾಗದದಲ್ಲೂ ಕಡಿಮೆ ಹರಡುತ್ತದೆ. ಜಾಸ್ತಿ ಇದ್ದರೆ ‘ಒದ್ದೆ’ ಇಂಕು: ನಿಬ್ಬು ಜಾರುತ್ತದೆ, ಗೀಟು ದಪ್ಪ, ಹರಡುವುದೂ ಜಾಸ್ತಿ. ಪೆಲಿಕಾನ್ 4001 ಒಣ ಕಡೆಯದ್ದು ಅಂತ ಹೆಸರಾಗಿದೆ, ಪೈಲಟ್‌ನ ಇರೋಶಿಜುಕು ಚೆನ್ನಾಗಿ ಹರಿಯುತ್ತದೆ. ಅಂದರೆ ಒಂದೇ ಪೆನ್ನಿನಲ್ಲಿ ಇಂಕು ಬದಲಿಸಿದರೆ ಫೈನ್ ನಿಬ್ಬು ಮೀಡಿಯಂ ಆಗಿಬಿಡಬಹುದು. ಜನ ಇದನ್ನು ಬಿಟ್ಟು ನಿಬ್ಬು ಬಗ್ಗಿಸಲು ಹೋಗುತ್ತಾರೆ, ಅದೇ ಬೇಜಾರು.

ಬಣ್ಣದ ಪ್ರಕಾರ ನೋಡಿದರೆ ಹೆಚ್ಚಿನವು ಡೈ ಇಂಕುಗಳು. ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಒಣಗಿದರೂ ನೀರು ಹಾಕಿದರೆ ಬಿಡುತ್ತದೆ. ಪೆನ್ನಿಗೆ ಒಳ್ಳೆಯದು, ಮಳೆಯಲ್ಲಿ ನೆನೆದ ಪುಟಕ್ಕೆ ಕೆಟ್ಟದ್ದು. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಪ್ಲಾಟಿನಮ್ ಕಾರ್ಬನ್ ಬ್ಲ್ಯಾಕ್ ಈ ಜಾತಿಯದ್ದು. ಇದನ್ನು ಹಾಕಿದ ಪೆನ್ನನ್ನು ದಿನಾ ಬರೆಯುತ್ತಿರಬೇಕು, ಒಣಗಲು ಬಿಟ್ಟರೆ ಫೀಡು ಕಟ್ಟಿಕೊಳ್ಳುತ್ತದೆ.

ನನಗೆ ಇಷ್ಟವಾದ್ದು ಮೂರನೆಯದು, ಐರನ್ ಗಾಲ್. ಓಕ್ ಮರದ ಮೇಲೆ ಕೀಟಗಳು ಮೊಟ್ಟೆಯಿಟ್ಟಾಗ ಏಳುವ ಗಂಟುಗಳಲ್ಲಿ ಒಗರಿನ ಟ್ಯಾನಿನ್ ತುಂಬಿರುತ್ತದೆ. ಅದಕ್ಕೆ ಕಬ್ಬಿಣದ ಸಲ್ಫೇಟ್ ಸೇರಿಸಿದರೆ ಇಂಕು. ಯುರೋಪಿನಲ್ಲಿ ನೂರಾರು ವರ್ಷ ಇದರಲ್ಲೇ ಬರೆದರು. ಬರೆಯುವಾಗ ತೆಳುವಾಗಿರುತ್ತದೆ. ಕಾಗದದ ಮೇಲೆ ಗಾಳಿ ತಾಗಿ ಆ ಕಬ್ಬಿಣ ಇನ್ನೊಂದು ರೂಪಕ್ಕೆ ತಿರುಗಿ, ನೀರಿನಲ್ಲಿ ಕರಗದ ಕಪ್ಪಾಗಿ ನಾರಿಗೆ ಅಂಟುತ್ತದೆ. ಈಗಿನವುಗಳಲ್ಲಿ ಬರೆಯುವಾಗಲೇ ಬಣ್ಣ ಕಾಣಲಿ ಅಂತ ನೀಲಿಯನ್ನೋ ನೇರಳೆಯನ್ನೋ ಬೆರೆಸಿರುತ್ತಾರೆ. ರೋರರ್ ಉಂಡ್ ಕ್ಲಿಂಗ್ನರ್ ಕಂಪನಿಯ ಸಾಲಿಕ್ಸ್ ತಗೊಂಡು ಒಂದು ಸಾಲು ಬರೆದು ನೋಡುತ್ತಾ ಕೂತುಕೊಳ್ಳಿ. ತಿಳಿನೀಲಿ ಸಾಲು ಕಣ್ಣೆದುರೇ ಗಾಢವಾಗುತ್ತದೆ. ಈ ಇಂಕು ಕೆಟ್ಟ ಕಾಗದದಲ್ಲೂ ಸಭ್ಯವಾಗಿ ನಡೆದುಕೊಳ್ಳುತ್ತದೆ. ಹೊಸನಿಬ್ಬು ಅವರೇ, ನಿಮ್ಮ ನೋಟ್‌ಬುಕ್ಕಿಗೆ ಇದೇ ಸರಿ ಅನ್ನಿಸುತ್ತದೆ. ಆದರೆ ಹುಳಿ ಸ್ವಭಾವದ್ದು. ವಾರಗಟ್ಟಲೆ ಬಳಸದೆ ಉಕ್ಕಿನ ನಿಬ್ಬಿನಲ್ಲಿ ಬಿಡಬೇಡಿ.

ಎರಡು ಎಚ್ಚರಿಕೆ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಪೆನ್ನಿಗೆ ಯಾವತ್ತೂ ತುಂಬಬೇಡಿ. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಫೀಡು ಸತ್ತಂತೆಯೇ. ಬೇರೆ ಬೇರೆ ಕಂಪನಿಗಳ ಇಂಕನ್ನು ಪೆನ್ನಿನೊಳಗೆ ಬೆರೆಸಬೇಡಿ. ಒಂದು ಹುಳಿ, ಇನ್ನೊಂದು ಕ್ಷಾರ ಆಗಿದ್ದರೆ ಗಸಿ ಕೂರುತ್ತದೆ. ಬೆರೆಸುವ ಆಸೆ ಇದ್ದರೆ ಸಣ್ಣ ಸೀಸೆಯಲ್ಲಿ ಕೆಲವು ಹನಿ ಬೆರೆಸಿ, ಕೆಲವು ದಿನ ಬಿಟ್ಟು ನೋಡಿ.

ಎಡಗೈಬರಹ

ಬೇಗ ಒಣಗುವ ಇಂಕು ತಗೊಂಡರೆ ನುಣುಪು ಡೈರಿಯ ಸಮಸ್ಯೆ ಮುಗಿಯುತ್ತದೆ ಅಲ್ವಾ? ಯಾರೂ ಅದನ್ನು ಹೇಳಲೇ ಇಲ್ಲ. ಎಡಗೈಯವರಿಗೆ ಇದು ದಿನನಿತ್ಯದ ಗೋಳು. ಬರೆದ ಸಾಲಿನ ಮೇಲೇ ಕೈ ಹೋಗುತ್ತದೆ.

ಶಾಯಿರಸಾಯನ

ಬೇಗ ಒಣಗುವ ಇಂಕು ಬೇಗ ಹೇಗೆ ಒಣಗುತ್ತದೆ ಹೇಳಿ? ಕಾಗದದೊಳಗೆ ಬೇಗ ಇಳಿಯುವುದರಿಂದ. ಹಾಗಾಗಿ ಅಗ್ಗದ ಕಾಗದದಲ್ಲಿ ಜಾಸ್ತಿ ಹರಡುತ್ತದೆ. ನಿಬ್ಬಿನ ತುದಿಯಲ್ಲೂ ಅದು ಬೇಗ ಆರಬಹುದು. ಪಾರ್ಕರ್ ಕಂಪನಿಗೆ ಇದೇ ತಲೆನೋವಾಗಿತ್ತು. ಬೇಗ ಒಣಗುವ ಕ್ವಿಂಕ್ ಇಂಕನ್ನು 1931ರಲ್ಲಿ ತಂದರು. ಆಮೇಲೆ ಇನ್ನೂ ಬೇಗ ಒಣಗುವುದನ್ನು ಮಾಡಿದಾಗ, ನಿಬ್ಬು ಗಾಳಿಗೆ ತೆರೆದಿದ್ದರೆ ಅಲ್ಲೇ ಒಣಗುತ್ತದಲ್ಲ! 1941ರ ಪಾರ್ಕರ್ 51ರಲ್ಲಿ ನಿಬ್ಬಿಗೇ ಟೋಪಿ ಹಾಕಿದ ಹಾಗೆ ಮುಚ್ಚಿಟ್ಟು, ತುದಿ ಮಾತ್ರ ಇಣುಕುವಂತೆ ಮಾಡಿದರು. ಚೆಂದಕ್ಕೆ ಮಾಡಿದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ, ಇಂಕಿನ ಕಾಟಕ್ಕೆ ಮಾಡಿದ್ದು.

ಎಡಗೈಬರಹ

ಈ ಕಥೆ ಗೊತ್ತಿರಲಿಲ್ಲ. ಹಾಗಾದರೆ ನನ್ನ ದಾರಿಯೇ ವಾಸಿ. ಎಕ್ಸ್‌ಟ್ರಾ ಫೈನ್ ನಿಬ್ಬು, ಒಣ ಇಂಕು. ಕಾಗದಕ್ಕೆ ಬೀಳುವ ಇಂಕೇ ಕಡಿಮೆ, ಆರುವುದೂ ಬೇಗ. ಪುಟವನ್ನು ಬಲಕ್ಕೆ ಓರೆ ಮಾಡಿ ಇಟ್ಟುಕೊಂಡರೆ ಕೈ ಸಾಲಿನ ಕೆಳಗೇ ಉಳಿಯುತ್ತದೆ. ಎಡಗೈಯವರು ನಿಬ್ಬನ್ನು ಎಳೆಯುವುದಕ್ಕಿಂತ ತಳ್ಳುವುದೇ ಜಾಸ್ತಿ, ಆದ್ದರಿಂದ ಚೂಪು ಅಂಚಿನ ಇಟಾಲಿಕ್ ನಿಬ್ಬು ಮಾತ್ರ ಬೇಡ. ಕಾಗದಕ್ಕೆ ಕಚ್ಚುತ್ತದೆ. ಕೈಯ ಕೆಳಗೊಂದು ಒತ್ತುಕಾಗದ ಇಟ್ಟುಕೊಂಡರೆ ಇನ್ನೂ ಆರಾಮ.

ಮಿಂಚುಮಸಿ

ನೀವೆಲ್ಲ ಕಾಗದ, ಆರುವುದು, ಹರಡುವುದು ಅಂತ ಹೆದರಿಸುತ್ತಿದ್ದೀರಿ. ಖುಷಿಯ ಮಾತೂ ಇರಲಿ! ಈ ಹವ್ಯಾಸಕ್ಕೆ ಜನ ಬರುವುದು ಬಣ್ಣಕ್ಕೆ. ಹೊಸನಿಬ್ಬು ಅವರೇ, ನಿಮ್ಮ ನುಣುಪು ಡೈರಿ ಇದೆಯಲ್ಲ, ಅದು ಚಿನ್ನ. ಶೇಡಿಂಗ್ ಇರುವ ಇಂಕು ಹಾಕಿ ಬರೆಯಿರಿ. ಗೀಟು ಶುರುವಾಗುವಲ್ಲಿ ತಿಳಿ, ನಿಬ್ಬು ಎತ್ತುವಲ್ಲಿ ಇಂಕು ಕೂಡಿ ಗಾಢ. ‘ಅ’ ಬರೆದರೆ ಒಂದೇ ಅಕ್ಷರದಲ್ಲಿ ಬಣ್ಣ ತಿಳಿಯಿಂದ ಗಾಢಕ್ಕೆ ಹೋಗುತ್ತದೆ. ಶೀನ್ ಇರುವ ಇಂಕಾದರೆ ನೀಲಿ ಅಕ್ಷರವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಕೆಂಪು ಹೊಳೆಯುತ್ತದೆ. ಬಣ್ಣ ಕಾಗದದ ಮೇಲೆ ಹರಳುಗಟ್ಟಿ ಕೂತಾಗ ಹಾಗಾಗುತ್ತದೆ, ಹೀರುವ ಕಾಗದದಲ್ಲಿ ಅದು ಬರುವುದೇ ಇಲ್ಲ. ಇನ್ನು ಶಿಮರ್, ಅಂದರೆ ಹೊಳಪಿನ ಪುಡಿ ಸೇರಿಸಿದ್ದು. ಜೆ. ಎರ್ಬಾನ್‌ನ ಎಮರಾಲ್ಡ್ ಆಫ್ ಶಿವೋರ್ ನೋಡಿ: ಹಸಿರುನೀಲಿ, ಮೇಲೆ ಕೆಂಪು ಶೀನ್, ಅದರ ಮೇಲೆ ಚಿನ್ನದ ಪುಡಿ.

ಹಳೆಪೆನ್ನು

ಅವರು ಇನ್ನೂ ಮೊದಲ ಬಾಟಲಿಯಲ್ಲಿದ್ದಾರೆ ಮಾರಾಯ್ರೇ, ಈಗಲೇ ಚಿನ್ನದ ಪುಡಿ ಯಾಕೆ? ಆ ಪುಡಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಬಾಟಲಿ ಅಲ್ಲಾಡಿಸಬೇಕು, ಪೆನ್ನು ಹೊರಳಿಸಬೇಕು, ತೊಳೆಯುವಾಗ ಹಠ ಹಿಡಿಯುತ್ತದೆ. ಫೈನ್ ನಿಬ್ಬಿನ ಕಾಲುವೆಯಲ್ಲಿ ಸಿಕ್ಕಿಕೊಂಡರೆ ಆಮೇಲೆ ‘ಪೆನ್ನು ಸರಿ ಇಲ್ಲ’ ಅಂತ ಇಲ್ಲಿಗೇ ಬರುತ್ತಾರೆ. ಭಾರೀ ಶೀನ್ ಇರುವ ಇಂಕುಗಳ ಕಥೆ ಇನ್ನೊಂದು. ಬರೆದು ವಾರಗಳಾದ ಮೇಲೂ ಬೆರಳು ಉಜ್ಜಿದರೆ ಬಣ್ಣ ಬರುತ್ತದೆ. ನಿತ್ಯದ ಟಿಪ್ಪಣಿಗೆ ಸಾದಾ ನೀಲಿ, ಸಾದಾ ಕಪ್ಪು ಸಾಕು.

ಮಿಂಚುಮಸಿ

ಸಾದಾ ನೀಲಿ ಬೇಕಿದ್ದರೆ ಬಾಲ್ ಪೆನ್ನಿನಲ್ಲೇ ಇರಬಹುದಿತ್ತು! ಪುಡಿ ಇಂಕಿಗೆ ಅಂತಲೇ ಬಿಚ್ಚಿ ತೊಳೆಯಲು ಬರುವ ಒಂದು ಪೆನ್ನು ಇಟ್ಟುಕೊಳ್ಳಿ, ಮೀಡಿಯಂ ಅಥವಾ ಬ್ರಾಡ್ ನಿಬ್ಬಿನದ್ದು. ಹಳೆಯ ಕಾಲದ ಪೆನ್ನಿಗೆ ಹಾಕಬೇಡಿ, ಅಷ್ಟು ಒಪ್ಪುತ್ತೇನೆ.

ಹಳೆಪೆನ್ನು

ಅಷ್ಟು ಒಪ್ಪಿದರೆ ನಮ್ಮ ಜಗಳ ಮುಗಿಯಿತು. ಈಗ ನಿಬ್ಬಿನ ವಿಷಯ. ಯಾರೂ ಹೇಳಿಲ್ಲ ಅಂತ ನಾನೇ ಬರೆಯುತ್ತೇನೆ.

ನಿಬ್ಬು ಚಿನ್ನದ್ದಾಗಲಿ ಉಕ್ಕಿನದ್ದಾಗಲಿ, ಕಾಗದಕ್ಕೆ ತಾಗುವುದು ಅದರ ತುದಿಗೆ ಬೆಸೆದ ಗಟ್ಟಿ ಲೋಹದ ಗುಂಡು. ಇರಿಡಿಯಂ ಅಂತ ಈಗಲೂ ಕರೆಯುತ್ತಾರೆ. ಹೆಚ್ಚಾಗಿ ಇರುವುದು ಆಸ್ಮಿಯಂ, ರುಥೇನಿಯಂ, ಟಂಗ್‌ಸ್ಟನ್‌ನಂಥವುಗಳ ಮಿಶ್ರಣ. ಆದ್ದರಿಂದ ಚಿನ್ನದ ನಿಬ್ಬು ನುಣುಪಾಗಿ ಬರೆಯುತ್ತದೆ ಅನ್ನುವುದು ಅರ್ಧಸತ್ಯ. ಹಿಂದಿನ ಹುಳಿ ಇಂಕುಗಳು ಉಕ್ಕನ್ನು ತಿನ್ನುತ್ತಿದ್ದವು, ಚಿನ್ನವನ್ನು ತಿನ್ನುತ್ತಿರಲಿಲ್ಲ. ಅದಕ್ಕೆ ಚಿನ್ನ. ನಿಬ್ಬಿನ ಮೇಲೆ 585 ಅಂತ ಇದ್ದರೆ 14 ಕ್ಯಾರೆಟ್, 750 ಅಂತ ಇದ್ದರೆ 18. ಈಗ ಒಳ್ಳೆಯ ಸ್ಟೇನ್‌ಲೆಸ್ ಉಕ್ಕು ಬಂದಿದೆ, ಆರಂಭಕ್ಕೆ ಚಿನ್ನದ ಅಗತ್ಯ ಏನೂ ಇಲ್ಲ.

ಫೈನ್, ಮೀಡಿಯಂ ಅನ್ನುವ ಅಳತೆಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಜಪಾನಿನ ಕಂಪನಿಗಳ ಫೈನ್ ಸಾಮಾನ್ಯವಾಗಿ ಜರ್ಮನಿಯವರ ಫೈನ್‌ಗಿಂತ ಸಣ್ಣ. ಕನ್ನಡ ಬರೆಯುವವರಿಗೆ ಇದು ಮುಖ್ಯ. ನಮ್ಮ ಅಕ್ಷರದಲ್ಲಿ ಸುತ್ತು ಜಾಸ್ತಿ, ಕೆಳಗೆ ಒತ್ತಕ್ಷರ ಬೇರೆ. ಸಾಲು ಸಣ್ಣದಿರುವ ನೋಟ್‌ಬುಕ್ಕಿನಲ್ಲಿ ಬ್ರಾಡ್ ನಿಬ್ಬಿನಿಂದ ‘ರಾಷ್ಟ್ರ’ ಬರೆದು ನೋಡಿ, ಒತ್ತುಗಳು ಒಂದರ ಮೇಲೊಂದು ಕೂತು ಗುಡ್ಡೆಯಾಗುತ್ತವೆ. ‘ಥ’ದೊಳಗಿನ ಚುಕ್ಕಿ ಮುಚ್ಚಿಹೋಗುತ್ತದೆ. ಅದೇ ದೊಡ್ಡದಾಗಿ ಬರೆಯುವ ಕೈಯಾದರೆ ಸ್ಟಬ್ ನಿಬ್ಬು ತುಂಬ ಚೆಂದ. ಅದರ ತುದಿ ಚಪ್ಪಟೆ. ಅಡ್ಡಗೀಟು ತೆಳ್ಳಗೆ, ಇಳಿಗೀಟು ದಪ್ಪ. ತಲೆಕಟ್ಟು ತೆಳ್ಳಗೆ ಬಂದು, ಅಕ್ಷರದ ಹೊಟ್ಟೆ ಎರಡೂ ಪಕ್ಕ ತುಂಬಿಕೊಳ್ಳುತ್ತದೆ.

ನಮ್ಮ ಅಕ್ಷರದ ಸುತ್ತಿನಿಂದ ಇನ್ನೊಂದು ಉಪಯೋಗ ಇದೆ. ನಿಬ್ಬಿನ ಎರಡು ಅರ್ಧಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಅದು ಎಲ್ಲ ಕಡೆಗೂ ಕೆರೆಯುವುದಿಲ್ಲ, ಒಂದೇ ದಿಕ್ಕಿಗೆ ಹೋಗುವಾಗ ಕೆರೆಯುತ್ತದೆ. ಸಾಲಾಗಿ ‘ಠ ಠ ಠ’ ಬರೆಯಿರಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕೆರೆದರೆ ಅರ್ಧಗಳು ಮೇಲೆ ಕೆಳಗೆ ಆಗಿವೆ ಅಂತ ಅರ್ಥ. 10 ಪಟ್ಟು ದೊಡ್ಡದಾಗಿ ಕಾಣುವ ಲೂಪ್ ಮಸೂರದಲ್ಲಿ ತುದಿಯ ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ. ಮೇಲಿರುವ ಅರ್ಧವನ್ನು ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ, ಮತ್ತೆ ನೋಡಿ. ಉಜ್ಜುವ ಕಾಗದ ಮಾತ್ರ ಹಿಡಿಯಬೇಡಿ. ಉಜ್ಜಿ ತೆಗೆದ ಲೋಹ ವಾಪಸ್ ಬರುವುದಿಲ್ಲ.

ಹೊಸನಿಬ್ಬು

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಪರೀಕ್ಷೆ ಮಾಡಿದೆ. ಕಾಗದಪ್ರೇಮಿ ಹೇಳಿದ್ದೇ ಸರಿ. ಅದೇ ಪೆನ್ನು, ಅದೇ ಇಂಕು, ಮನೆಯಲ್ಲಿದ್ದ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಒಂದು ಎಳೆಯೂ ಹರಡಲಿಲ್ಲ, 10 ಸೆಕೆಂಡಿಗೆ ಒಣಗಿತ್ತು. ಲೂಪ್ ಇಲ್ಲ ಅಂತ ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದೆ. ದಿನಾ ಬಳಸುವ ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕೆ ಬೇರು ಬಿಟ್ಟಂತಿದೆ, ಇದರಲ್ಲಿ ಅಂಚು ಕತ್ತರಿಸಿದಂತಿದೆ. ‘ಠ’ ಪರೀಕ್ಷೆಯಲ್ಲೂ ಎಲ್ಲೂ ಕೆರೆಯಲಿಲ್ಲ.

ಇನ್ನೊಂದು ಇಂಕು ತರಿಸುತ್ತಿದ್ದೇನೆ, ಐರನ್ ಗಾಲ್. ಈಗಿರುವುದನ್ನು ಖಾಲಿ ಮಾಡಿ ಪೆನ್ನು ತೊಳೆಯುವುದು ಹೇಗೆ? ಎಷ್ಟು ಸಲ ನೀರು ಹಾಕಿದರೂ ನೀಲಿ ಬರುತ್ತಲೇ ಇದೆ.

ಹಳೆಪೆನ್ನು

ಬರಲಿ ಬಿಡಿ, ಫೀಡಿನ ಸೀಳುಗಳಲ್ಲಿ ಇಂಕು ಕೂತಿರುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಎಬೊನೈಟ್ (ಗಟ್ಟಿ ರಬ್ಬರ್) ಆದರೆ ಬಣ್ಣ ಕಂದುತ್ತದೆ. ಕನ್ವರ್ಟರಿನಿಂದ (ಬಾಟಲಿಯ ಇಂಕು ಎಳೆದುಕೊಳ್ಳಲು ಪೆನ್ನಿನೊಳಗೆ ಕೂರಿಸುವ ಸಣ್ಣ ಪಂಪು) ಎಳೆದು ಬಿಡುತ್ತಾ ಕೂತರೆ ಹೊತ್ತು ಹೋಗುತ್ತದೆ. ಕಿವಿ ತೊಳೆಯುವ ರಬ್ಬರ್ ಬುರುಡೆ ಇರುತ್ತದಲ್ಲ, ಅದರಿಂದ ನಿಬ್ಬಿನ ಹಿಂಭಾಗಕ್ಕೆ ನೀರು ನುಗ್ಗಿಸಿದರೆ ಬೇಗ. ಕೊನೆಗೆ ನಿಬ್ಬನ್ನು ಟಿಶ್ಯೂ ಕಾಗದದ ಮೇಲೆ ತುದಿ ಕೆಳಗೆ ಮಾಡಿ ನಿಲ್ಲಿಸಿ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಟಿಶ್ಯೂ ಉಳಿದದ್ದನ್ನು ಎಳೆದುಕೊಳ್ಳುತ್ತದೆ. ಅದರಲ್ಲಿ ಬಣ್ಣ ಕಾಣದಿದ್ದರೆ ತೊಳೆದಾಯಿತು.

ಹಠಮಾರಿ ಇಂಕಿಗೆ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಸ್ಪಿರಿಟ್ಟು, ಉಗುರಿನ ಬಣ್ಣ ತೆಗೆಯುವ ದ್ರವ ಹತ್ತಿರಕ್ಕೂ ತರಬೇಡಿ. ಪ್ಲಾಸ್ಟಿಕ್ ಕರಗಿಬಿಡುತ್ತದೆ.

ಒದ್ದೆಸಾಲು

ಕಾರ್ಟ್ರಿಜ್ ಬಗ್ಗೆಯೂ ಒಂದು ಮಾತು, ಮುಂದೆ ಬೇಕಾಗುತ್ತದೆ. ಎಲ್ಲ ಪೆನ್ನಿಗೂ ಎಲ್ಲ ಕಾರ್ಟ್ರಿಜ್ ಕೂರುವುದಿಲ್ಲ. ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್ ಅನ್ನುವ ಅಳತೆ ಯುರೋಪಿನ ಹೆಚ್ಚಿನ ಪೆನ್ನುಗಳಿಗೆ ಆಗುತ್ತದೆ. ಪಾರ್ಕರ್, ಲ್ಯಾಮಿ, ಪೈಲಟ್, ಪ್ಲಾಟಿನಮ್, ಸೇಲರ್ ಇವರದ್ದೆಲ್ಲ ಅವರವರದ್ದೇ. ಕನ್ವರ್ಟರಿಗೂ ಅಷ್ಟೇ.

ಕನ್ವರ್ಟರು ಇಲ್ಲದೆ ಬ್ಯಾರೆಲ್ಲಿಗೇ, ಅಂದರೆ ಪೆನ್ನಿನ ಕೊಳವೆಗೇ, ಇಂಕು ಸುರಿಯುವ ಐಡ್ರಾಪರ್ ಬಗೆಯೂ ಇದೆ. ಸೋರದಂತೆ ಅದರ ತಿರುಪಿನ ಸುತ್ತುಗಳಿಗೆ ಸಿಲಿಕೋನ್ ಗ್ರೀಸ್ ಸವರಬೇಕು. ಇಂಕು ತುಂಬಾ ಹಿಡಿಯುತ್ತದೆ. ಆದರೆ ಅರ್ಧಕ್ಕಿಂತ ಕೆಳಗೆ ಇಳಿದಾಗ ಕೈಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ನಿಬ್ಬಿನಿಂದ ಇಂಕು ಗುಳಕ್ ಅಂತ ಬೀಳುತ್ತದೆ. ಆಗ ಬರೆಯುತ್ತಾ ಹೋಗುವ ಬದಲು ತುಂಬಿಸಿಕೊಳ್ಳುವುದು ವಾಸಿ. ವಿಮಾನದಲ್ಲಿ ಸೋರುವುದಕ್ಕೂ ಕಾರಣ ಇದೇ ಗಾಳಿ. ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲೆ ಮಾಡಿ ಇಟ್ಟುಕೊಂಡರೆ ಸಾಕು.

ಕಾಗದಪ್ರೇಮಿ

ಐರನ್ ಗಾಲ್ ಬಂದ ಮೇಲೆ ಪೆನ್ನು, ಕಾಗದ ಎರಡನ್ನೂ ಬದಲಿಸದೆ ಇಂಕು ಮಾತ್ರ ಬದಲಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಹೊಸ ಪೆನ್ನಿನ ಜೊತೆ ಹೊಸ ಇಂಕೂ ಹೊಸ ನೋಟ್‌ಬುಕ್ಕೂ ತರಿಸುತ್ತಾರೆ. ಆಮೇಲೆ ಪೆನ್ನನ್ನು ಹೊಗಳುತ್ತಾರೆ ಇಲ್ಲವೇ ಬಯ್ಯುತ್ತಾರೆ.

ದೊಡ್ಡ ಬಾಟಲಿಗೂ ಅವಸರ ಬೇಡ. ಹೆಚ್ಚಿನ ಕನ್ವರ್ಟರುಗಳು ಹಿಡಿಯುವುದು 1 ಮಿಲಿಲೀಟರಿಗಿಂತ ಕಡಿಮೆ. 50 ಮಿಲಿಲೀಟರ್ ಬಾಟಲಿ ಅಂದರೆ ಐವತ್ತಕ್ಕೂ ಜಾಸ್ತಿ ಸಲ ತುಂಬಿಸಬಹುದು. ಯಾರಾದರೂ ಗೆಳೆಯರ ಹತ್ತಿರ 2 ಮಿಲಿಲೀಟರ್ ಸ್ಯಾಂಪಲ್ ಇಸಿದುಕೊಂಡು ಬರೆದು ನೋಡಿ, ಇಷ್ಟವಾದರೆ ಬಾಟಲಿ. ಪರದೆಯ ಮೇಲೆ ಕಾಣುವ ಬಣ್ಣವನ್ನು ನಂಬಿ ತಗೊಳ್ಳುವುದಂತೂ ಬೇಡವೇ ಬೇಡ.

ಮಿಂಚುಮಸಿ

ಸ್ಯಾಂಪಲ್ ಸಿಕ್ಕಿದರೆ ಬರೆಯುವ ಮೊದಲು ಒಂದು ಆಟ ಆಡಿ. ಕಾಫಿ ಸೋಸುವ ಫಿಲ್ಟರ್ ಕಾಗದದ ಪಟ್ಟಿ ಕತ್ತರಿಸಿ, ತುದಿಯಿಂದ ಸ್ವಲ್ಪ ಮೇಲೆ ಒಂದು ಚುಕ್ಕಿ ಇಂಕು ಇಡಿ. ತುದಿ ಮಾತ್ರ ನೀರಿಗೆ ತಾಗುವಂತೆ ಲೋಟದಲ್ಲಿ ನಿಲ್ಲಿಸಿ. ನೀರು ಏರುತ್ತಾ ಬಣ್ಣಗಳನ್ನು ಬೇರೆ ಮಾಡುತ್ತದೆ. ಸಾದಾ ಕಪ್ಪು ಅಂದುಕೊಂಡಿದ್ದರೊಳಗಿಂದ ನೇರಳೆ, ಹಳದಿ, ನೀಲಿ ಹೊರಗೆ ಬರುತ್ತವೆ. ಹಳೆಪೆನ್ನು ಅವರ ಸಾದಾ ಕಪ್ಪಿನಲ್ಲೂ ಬರುತ್ತದೆ, ಹೇಳಿರುತ್ತೇನೆ!

ಹಳೆಪೆನ್ನು

ಬರಲಿ. ಒಣಗಿದ ಮೇಲೆ ಕಪ್ಪಾಗಿಯೇ ಇರುತ್ತದಲ್ಲ, ನನಗಷ್ಟು ಸಾಕು.

ಹೊಸನಿಬ್ಬು

ಕೊನೆಯದಾಗಿ ಒಂದು ಪ್ರಶ್ನೆ. ಡೈರಿ ವರ್ಷಗಟ್ಟಲೆ ಉಳಿಯಬೇಕು. ಈಗ ಬಾಟಲಿಯಲ್ಲಿ ಉಳಿದಿರುವ ನೀಲಿ ಇಂಕು ಮಸುಕಾಗುತ್ತದಾ?

ಶಾಯಿರಸಾಯನ

ಲೇಬಲ್ಲಿನ ಮೇಲೆ ವಾಷಬಲ್ ಅಂತ ಇದ್ದರೆ ಆಗುತ್ತದೆ. ಬಟ್ಟೆಯಿಂದ ಸುಲಭವಾಗಿ ಹೋಗಲಿ ಅಂತಲೇ ಮಾಡಿದ ಬಣ್ಣ ಅದು, ಬಿಸಿಲಿಗೂ ಬೇಗ ಸೋಲುತ್ತದೆ. ಮುಚ್ಚಿದ ಡೈರಿಯೊಳಗೆ ಬಹಳ ಕಾಲ ಇರುತ್ತದೆ, ಗೋಡೆಗೆ ಅಂಟಿಸುವ ಬರಹಕ್ಕೆ ಬೇಡ. ನೀವೇ ನೋಡಬೇಕಿದ್ದರೆ ಒಂದು ಚೀಟಿಯಲ್ಲಿ ಎರಡೂ ಇಂಕಿನಿಂದ ಬರೆದು, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ. ಕೆಲವು ವಾರ ಬಿಟ್ಟು ರಟ್ಟು ತೆಗೆದು ಎರಡೂ ಅರ್ಧ ಹೋಲಿಸಿ. ಫೋಟೋ ಇಲ್ಲಿ ಹಾಕಿ, ಆ ನೀಲಿ ಎಷ್ಟು ಉಳಿದಿದೆ ಅಂತ ನನಗೂ ನೋಡಬೇಕು.